ಒಂದೂವರೆ ಮುಚ್ಚಳ

ಒಂದೂವರೆ ಮುಚ್ಚಳ. ಎರಡಲ್ಲ. ಕುನ್ನವ್ವೆ ಆ ಕಪ್ಪು ನೀರನ್ನು ಬಾಟಲಿಯ ಮುಚ್ಚಳದಲ್ಲೇ ಅಳೆಯುತ್ತಿದ್ದಳು. ಎರಡನೆಯ ಸಲ ತುಂಬಿದ ಮುಚ್ಚಳದಿಂದ ಅರ್ಧವನ್ನು ಬಾಣಲೆಯ ಅಂಚಿನಲ್ಲಿ ಇಳಿಬಿಟ್ಟು, ಉಳಿದರ್ಧವನ್ನು ಒಂದು ಹನಿಯೂ ಚೆಲ್ಲದಂತೆ ಬಾಟಲಿಗೆ ಮರಳಿಸಿ, ಮುಚ್ಚಳದ ಒಳಗನ್ನು ಕಿರುಬೆರಳಿನಿಂದ ಒರೆಸಿ, ಆ ಬೆರಳನ್ನು ನೆಕ್ಕುತ್ತಿದ್ದಳು. ಬೆರಳು ನೆಕ್ಕಿದ್ದನ್ನೂ ನಾನು ಬರೆದುಕೊಂಡಿದ್ದೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ, ಪೆನ್ಸಿಲಿನಲ್ಲಿ.

ಆಗ ನನಗೆ ಹತ್ತು ವರ್ಷ. ಊಟಿಯಿಂದ ನಡುವಟ್ಟಂ ಕಡೆಗೆ ಹೋಗುವ ಬಸ್ಸಿನಿಂದ ಇಳಿದು, ಟೀ ತೋಟದ ನಡುವಿನ ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದರೆ ನಮ್ಮ ಹಟ್ಟಿ. ಆ ದಿನಗಳಲ್ಲಿ ಹಟ್ಟಿಯ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಎಲ್ಲರ ಮನೆಯಿಂದಲೂ ಹೊಗೆ ಮತ್ತು ರಾಗಿ ಹಿಟ್ಟಿನ ವಾಸನೆ, ಸಂಜೆ ಎಲ್ಲರ ಮನೆಯಿಂದಲೂ ಅವರೆಕಾಳಿನ ಉದಕದ ವಾಸನೆ. ಉದಕ ಎಂದರೆ ನಮ್ಮ ಸಾರು. ಇದರ ನಡುವೆ ಯಾರದಾದರೂ ಮನೆಯಿಂದ ಬೇರೆ ವಾಸನೆ ಬಂದರೆ ಅದಕ್ಕೆ ಕಾರಣ ಹೇಳಬೇಕಾಗುತ್ತಿತ್ತು.

ಚಿಕ್ಕಪ್ಪನನ್ನು ನಮ್ಮಲ್ಲಿ ಕುನ್ನಪ್ಪ ಎನ್ನುತ್ತೇವೆ, ಅವನ ಹೆಂಡತಿಯನ್ನು ಕುನ್ನವ್ವೆ. ಅಮ್ಮ ಅವ್ವೆ, ಅಜ್ಜಿ ಹೆತ್ತೆ. ನಮ್ಮದು ಬಡಗ ಮಾತು. ನಾನು ಕನ್ನಡ ಬರೆಯಲು ಕಲಿತದ್ದು ಮೈಸೂರಿನಲ್ಲಿ ಓದುವಾಗ. ಹಾಗಾಗಿ ಅವರ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ಹತ್ತಿರ ತಂದು ಬರೆಯುತ್ತಿದ್ದೇನೆ. ಎಷ್ಟು ಹತ್ತಿರ ತಂದರೂ ಹೆತ್ತೆಯ ಗದರಿಕೆಯ ಅರ್ಧ ಖಾರ ದಾರಿಯಲ್ಲೇ ಹೋಗುತ್ತದೆ.

ಕುನ್ನಪ್ಪನ ಮದುವೆಯಾದದ್ದು ಆ ವರ್ಷದ ಮಳೆಗಾಲ ಮುಗಿದ ಮೇಲೆ. ಕುನ್ನವ್ವೆ ನಮ್ಮ ಜನವೇ, ಆದರೆ ಬೆಳೆದದ್ದು ಊಟಿ ಪೇಟೆಯಲ್ಲಿ. ಅವಳ ಅಪ್ಪ ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಹೆತ್ತೆಗೆ ಮೊದಲ ದಿನದಿಂದಲೇ ಇದು ಸರಿಬಂದಿರಲಿಲ್ಲ. "ಹೋಟ್ಲಲ್ಲಿ ಬೇಯಿಸೋನ ಮಗಳಿಗೆ ಮನೆಲಿ ಬೇಯಿಸೋದು ಏನ ಗೊತ್ತಾಗ್ತದೆ?" ಎಂದು ಮದುವೆಯ ಮಾರನೆಯ ದಿನವೇ ಅವ್ವೆಯ ಕಿವಿಯಲ್ಲಿ ಹೇಳಿದ್ದಳು. ಕಿವಿಯಲ್ಲಿ ಎಂದರೆ, ಹಟ್ಟಿಯ ಆ ತುದಿಗೆ ಕೇಳುವಷ್ಟು.

ನನಗೆ ನನ್ನದೇ ಕಾರಣವಿತ್ತು. ಮದುವೆಗೆ ಮುಂಚೆ ಕುನ್ನಪ್ಪ ಶನಿವಾರ ಸಂಜೆ ಊಟಿಯಿಂದ ಬರುವಾಗ ನನಗೆ ವರ್ಕಿ ತರುತ್ತಿದ್ದ. ಪದರ ಪದರವಾಗಿ ಮುರಿಯುವ, ಟೀಯಲ್ಲಿ ಅದ್ದಿ ತಿನ್ನುವ ಆ ಬೇಕರಿ ತಿಂಡಿಯ ಪೊಟ್ಟಣ ಅವನ ಸ್ವೆಟರಿನ ಒಳಗೆ ಬೆಚ್ಚಗಿರುತ್ತಿತ್ತು. ಟೀ ಫ್ಯಾಕ್ಟರಿಗೆ ಎಲೆ ಸಾಗಿಸುವ ಲಾರಿ ಓಡಿಸುತ್ತಿದ್ದವನು ಅವನು. ಪೊಟ್ಟಣಕ್ಕೆ ಹಸಿ ಟೀ ಎಲೆಯ ವಾಸನೆ ಹತ್ತಿರುತ್ತಿತ್ತು. ಮದುವೆಯಾಗಿ ಎರಡು ತಿಂಗಳಾದ ಮೇಲೆ, ಒಂದು ಶನಿವಾರ, ಸ್ವೆಟರಿನ ಒಳಗಿಂದ ಬೇರೆ ಪೊಟ್ಟಣ ಬಂತು. ಕಡ್ಡಿಯಂತೆ ಗಟ್ಟಿಯಾದ, ಸುತ್ತಿಕೊಂಡ ಹಳದಿ ಎಳೆಗಳ ಕಟ್ಟು. ಜೊತೆಗೆ ಒಂದು ಕಪ್ಪು ಬಾಟಲಿ, ಒಂದು ಬಿಳಿ ಬಾಟಲಿ. ಅದನ್ನೆಲ್ಲ ಅವನು ಕುನ್ನವ್ವೆಯ ಕೈಗೆ ಕೊಟ್ಟ.

"ವರ್ಕಿ?" ಎಂದೆ.

"ಮರೆತೋಯ್ತು ಕೂಸೇ. ನಾಳೆ ನೋಡು, ನಿನ್ನ ಕುನ್ನವ್ವೆ ಚೈನಾದೋರ ಊಟ ಮಾಡ್ತಾಳೆ."

ಮಾರನೆಯ ದಿನ ಅವಳು ಮಾಡಿದಳು. ಹಿಮ ಬೀಳುವ ತಿಂಗಳು. ಬೆಳಿಗ್ಗೆ ಕೋಸಿನ ತೋಟ ಉಪ್ಪು ಎರಚಿದಂತೆ ಬೆಳ್ಳಗಿತ್ತು, ಟೀ ಚಿಗುರಿನ ತುದಿಗಳು ಕರಕಾಗಿದ್ದವು. ಹೆತ್ತೆ ಬಿಳಿ ಮುಂಡು ಹೊದ್ದು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಕುನ್ನವ್ವೆ ಗ್ಯಾಸ್ ಒಲೆಯನ್ನು ಮುಟ್ಟಲಿಲ್ಲ. ಅದರ ಉರಿ ಸಾಲದು ಎಂದಳು. ಸವರಿ ಒಣಗಿಸಿಟ್ಟ ಟೀ ಗಿಡದ ಕಡ್ಡಿಗಳನ್ನು ಸೌದೆ ಒಲೆಗೆ ತುಂಬಿದಳು. ಆ ಕಡ್ಡಿ ಒಮ್ಮೆ ಹಿಡಿದರೆ ಜೋರಾಗಿ, ಚಟಚಟನೆ ಉರಿಯುತ್ತದೆ. ಬಾಣಲೆ ಹೊಗೆಯಾಡಿದ ಮೇಲೆಯೇ ಎಣ್ಣೆ. ಕೂದಲೆಳೆಯಂತೆ ಹೆಚ್ಚಿದ ಕೋಸು, ಕಡ್ಡಿಕಡ್ಡಿಯಾಗಿ ಸೀಳಿದ ಕ್ಯಾರೆಟ್ಟು, ಜಜ್ಜಿದ ಬೆಳ್ಳುಳ್ಳಿ. ಎಲ್ಲ ನಮ್ಮ ತೋಟದ್ದೇ. ಆದರೆ ಆ ಬಾಣಲೆಯಲ್ಲಿ ಅವು ನಮ್ಮವಲ್ಲ ಅನ್ನಿಸುವಂತೆ ಸದ್ದು ಮಾಡಿದವು. ಬಿಳಿ ಬಾಟಲಿಯ ವಿನಿಗರ್ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು.

ಗೋಡೆಯ ಆಚೆಯಿಂದ ಪಕ್ಕದ ಮನೆಯ ಹೆಂಗಸು ಕೂಗಿದಳು: "ಏನಕ್ಕಾ, ನಿನ್ನ ಸೊಸೆ ಹುಳ ಹುರೀತಾಳಾ? ಹಿಂಗೆ ನಾರ್ತದೆ!"

"ನಿನಗೂ ಒಂದ್ ತಟ್ಟೆ ಕೊಡ್ಲಾ?" ಎಂದು ಹೆತ್ತೆ ಕೂಗಿದಳು. ಹೊರಗಿನವರ ಮುಂದೆ ಸೊಸೆಯನ್ನು ಬಿಟ್ಟುಕೊಡುವವಳಲ್ಲ. ಆದರೆ ತಾನು ಒಂದು ಎಳೆಯನ್ನೂ ಬಾಯಿಗಿಡಲಿಲ್ಲ.

ನಾನು ತಿಂದೆ. ನಿಜ ಹೇಳುತ್ತೇನೆ, ಅಷ್ಟು ರುಚಿಯಾದದ್ದನ್ನು ಅಲ್ಲಿಯವರೆಗೆ ತಿಂದಿರಲಿಲ್ಲ. ತಟ್ಟೆ ಖಾಲಿಯಾದ ಮೇಲೂ ಇನ್ನೂ ಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದೇ ನನಗೆ ಅನುಮಾನ ತಂದಿತು. ಹಿಟ್ಟು ತಿಂದಾಗ ಹೊಟ್ಟೆ ತುಂಬುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಇದು ಮುಗಿಯುತ್ತಿರಲಿಲ್ಲ.

ನಾನು ಬಾಯಿಬಿಟ್ಟು ಹೇಳದ್ದನ್ನು ಹೆತ್ತೆ ಹೇಳಿದಳು. "ಎನ ಮಗ ಈಗ ಸಂಜೆ ಆರಕ್ಕೆ ಮನೆ ಸೇರ್ತಾನೆ. ಇಷ್ಟು ವರ್ಷದಲ್ಲಿ ಒಂದ್ ದಿನ ಸೇರಿದ್ದಿಲ್ಲೆ. ಸುಮ್ಮಗೆ ಆಗ್ತದಾ ಇದು?"

"ಬಾರದೆ ಇದ್ದಾಗಲೂ ಬೈದೆ, ಬಂದರೂ ಬೈತೀಯ," ಎಂದಳು ಅವ್ವೆ, ಅವರೆಕಾಯಿ ಬಿಡಿಸುತ್ತ.

"ನೀ ಸುಮ್ಮಗಿರು. ಅವಳು ಮದ್ದು ಹಾಕ್ತಾಳೆ."

ಮದ್ದು ಹಾಕುವುದು ಎಂದರೆ ನಿಮಗೂ ಗೊತ್ತಿರಬಹುದು. ಗಂಡ ತನ್ನ ಮಾತು ಮೀರದಿರಲಿ ಎಂದು ಊಟದಲ್ಲಿ ಏನನ್ನೋ ಬೆರೆಸಿ ಕೊಡುವುದು. ಆ ಕಾಲದಲ್ಲಿ ನಮ್ಮ ಹಟ್ಟಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ನಂಬದವರೂ ಇರಲಿಲ್ಲ. ಹೆತ್ತೆ ನನ್ನನ್ನು ಹತ್ತಿರ ಎಳೆದು, "ನೀ ಚೂಟಿ. ಅವಳು ಏನ ಏನ ಹಾಕ್ತಾಳೆ, ನೋಡಿಕೊ. ಒಂದೂ ಬಿಡಬೇಡ. ಕಣ್ಣಿ ಇನ್ನೂ ಹಾಕಿಲ್ಲೆ, ಈಗ್ಲೇ ಗೊತ್ತಾದ್ರೆ ಒಳ್ಳೇದು," ಎಂದಳು.

ಕಣ್ಣಿ ಎಂದರೆ ದಾರ. ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ ಗಂಡ ಹೆಂಡತಿಯ ಕೊರಳಿಗೆ ದಾರ ಹಾಕುವ ಶಾಸ್ತ್ರ. ಅದಾಗುವವರೆಗೆ ಮದುವೆ ಪೂರ್ತಿಯಾಯಿತೆಂದು ಹೆತ್ತೆಯ ಕಾಲದವರು ಒಪ್ಪುತ್ತಿರಲಿಲ್ಲ. ಅಲ್ಲಿಯವರೆಗೆ ಹುಡುಗಿಯನ್ನು ತವರಿಗೆ ಕಳಿಸಿಬಿಡುವುದು ದೊಡ್ಡ ಮಾತಾಗಿರಲಿಲ್ಲ. ಹೆತ್ತೆ ಕುನ್ನವ್ವೆಯನ್ನು ಕಳಿಸುವ ಯೋಚನೆಯಲ್ಲಿದ್ದಾಳೆ ಎಂಬುದು ನನಗೆ ಅರ್ಥವಾಯಿತು. ಅವಳು ಹೋದರೆ ಶನಿವಾರದ ವರ್ಕಿ ವಾಪಸ್ಸು ಬರುತ್ತದೆ ಎಂಬುದೂ ಅರ್ಥವಾಯಿತು. ಈ ಎರಡನೆಯದನ್ನು ನಾನು ಯಾರಿಗೂ ಹೇಳಿಲ್ಲ. ಈಗಲೇ ಮೊದಲು ಬರೆಯುತ್ತಿರುವುದು.

ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ಕಿರಿಯರು ಹಿರಿಯರ ಮುಂದೆ ತಲೆ ಬಗ್ಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈ ಇಟ್ಟು ಹರಸುತ್ತಾರೆ. ಬೆಳಿಗ್ಗೆ ಮೊದಲು ಕಂಡಾಗ, ಊರಿಗೆ ಹೊರಟಾಗ, ಊರಿಂದ ಬಂದಾಗ. ಕೈ ಇಡಲು ಒಂದು ಗಳಿಗೆ ಸಾಕು. ಇಡದೆ ಹೋದರೆ ಮಾತ್ರ ಆ ಗಳಿಗೆ ಇಡೀ ಮನೆಯ ಕಣ್ಣಿಗೆ ಬೀಳುತ್ತದೆ. ನೂಡಲ್ಸ್ ಮಾಡಿದ ವಾರದಿಂದ, ಬೆಳಿಗ್ಗೆ ಕುನ್ನವ್ವೆ ಬಂದು ತಲೆ ಬಗ್ಗಿಸಿದಾಗಲೆಲ್ಲ ಹೆತ್ತೆಯ ಕೈಗೆ ಏನೋ ಕೆಲಸ ಬಂದುಬಿಡುತ್ತಿತ್ತು. ಮುಂಡಿನ ಅಂಚು ಸರಿಮಾಡುವುದು, ಕೋಳಿಯನ್ನು ಓಡಿಸುವುದು. ಕುನ್ನವ್ವೆ ಬಗ್ಗಿದ ತಲೆಯನ್ನು ತಾನೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. "ನೀನೂ ಅವಳ ಮುಂದೆ ಬಗ್ಗಬೇಡ, ಈಗ್ಲೇ ಬೇಡ," ಎಂದು ಹೆತ್ತೆ ನನಗೂ ಹೇಳಿದ್ದಳು. ನಾನು ಕುನ್ನವ್ವೆಗೆ ಎದುರಾಗದೆ ಹಿಂದಿನ ಬಾಗಿಲಿನಿಂದ ಶಾಲೆಗೆ ಹೋಗತೊಡಗಿದೆ.

ಎರಡನೆಯ ಭಾನುವಾರ ಮತ್ತು ಮೂರನೆಯ ಭಾನುವಾರ ನಾನು ಒಲೆಯಿದ್ದ ಒಳಮನೆಯ ಬಾಗಿಲ ಬಳಿ ನೋಟ್‌ಬುಕ್ಕು ಹಿಡಿದು, ಲೆಕ್ಕ ಮಾಡುವವಳಂತೆ ಕೂತೆ. ಎಳೆಗಳು ಎಷ್ಟು ಹೊತ್ತು ಕುದಿದವು, ಎಷ್ಟು ಚೊಂಬು ತಣ್ಣೀರಿನಲ್ಲಿ ತೊಳೆದಳು, ಮೊರದ ಮೇಲೆ ಬಟ್ಟೆ ಹಾಸಿ ಹೇಗೆ ಹರಡಿದಳು, ಎಲ್ಲ ಬರೆದೆ. ಕುನ್ನವ್ವೆ ಒಂದು ಸಲ ತಿರುಗಿ ನೋಡಿ ನಕ್ಕಳು. "ಹೋಂವರ್ಕಾ? ಹೊಗೆಲಿ ಕಣ್ಣು ಕೆಡಿಸಿಕೊಬೇಡ ಕೂಸೇ," ಎಂದಳು. ನಾನು ಪುಟದ ಮೇಲೆ ಇನ್ನಷ್ಟು ಬಗ್ಗಿದೆ.

ಮೂರನೆಯ ಭಾನುವಾರ ಅದು ಕಂಡಿತು. ಅಡುಗೆ ಮುಗಿದು ತಟ್ಟೆಗಳಿಗೆ ಹಾಕುವಾಗ ಕುನ್ನವ್ವೆ ಬಾಗಿಲ ಕಡೆ ಬೆನ್ನು ಮಾಡಿ, ಸೀರೆಯ ಸೆರಗಿನ ಗಂಟಿನಿಂದ ಒಂದು ಮಡಿಸಿದ ಕಾಗದ ತೆಗೆದಳು. ಅದರಿಂದ ಒಂದು ಚಿಟಿಕೆ ಕಂದು ಪುಡಿಯನ್ನು ಒಂದೇ ಒಂದು ತಟ್ಟೆಗೆ ಉದುರಿಸಿದಳು. ನಮ್ಮ ಮನೆಯ ಸ್ಟೀಲ್ ತಟ್ಟೆಗಳಿಗೆಲ್ಲ ಅಂಚಿನಲ್ಲಿ ಹೆಸರು ಕೊರೆಸಿತ್ತು. ಬಾಗಿಲಿನಿಂದಲೇ ಓದಿದೆ: ಕುನ್ನಪ್ಪನ ಹೆಸರು. ಅಷ್ಟರಲ್ಲಿ ಅವಳು ನನ್ನ ತಟ್ಟೆ ಕೊಟ್ಟು ಹೊರಗೆ ಕಳಿಸಿದಳು. ಎಂದಿನಂತೆ ಅವರಿಬ್ಬರೂ ಒಳಗೇ ತಿಂದರು. ನಾನು ತಿಂದು ಮುಗಿಸಿ, ಕೈ ತೊಳೆದು ಬರೆದೆ: "ಪುಡಿ, ಒಂದು ಚಿಟಿಕೆ. ಕುನ್ನಪ್ಪನ ತಟ್ಟೆಗೆ ಮಾತ್ರ." ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ.

ಕುನ್ನಪ್ಪ ಲಾರಿ ತೊಳೆಯಲು ಫ್ಯಾಕ್ಟರಿಯ ಕಡೆ ಹೋಗುವುದನ್ನೇ ಕಾದಿದ್ದು, ಹೆತ್ತೆಗೆ ತೋರಿಸಿದೆ. ಹೆತ್ತೆಗೆ ಓದು ಬರುತ್ತಿರಲಿಲ್ಲ. "ಅವಳ ಮುಂದೆಯೇ ಓದು," ಎಂದಳು.

ಅದನ್ನು ನಾನು ಎಣಿಸಿರಲಿಲ್ಲ. ಹೊರಮನೆಯಲ್ಲಿ ಹೆತ್ತೆ ಗೋಡೆಗೆ ಒರಗಿ ಕೂತಳು. ಅವ್ವೆ ಬಾಗಿಲಲ್ಲಿ ನಿಂತಳು. ಕುನ್ನವ್ವೆ ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು.

"ಓದು ಕೂಸೇ."

ಓದಿದೆ. "ನೂಡಲ್ಸ್ ಒಂದು ಕಟ್ಟು. ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ. ಎರಡು ಚೊಂಬು ತಣ್ಣೀರು. ಕ್ಯಾರೆಟ್ ಎರಡು. ಕೋಸು ಅರ್ಧ."

"ಕೋಸು ಅರ್ಧ ಅಲ್ಲ, ಕಾಲು," ಎಂದಳು ಕುನ್ನವ್ವೆ.

"ಕೋಸು ಕಾಲು," ಎಂದು ತಿದ್ದಿ ಓದಿದೆ. "ಬೆಳ್ಳುಳ್ಳಿ ಎಂಟು ಎಸಳು. ಕಪ್ಪು ನೀರು ಒಂದೂವರೆ ಮುಚ್ಚಳ. ಕಿರುಬೆರಳು ನೆಕ್ಕಿದಳು."

ಅವಳ ಮುಖದ ನಗು ಅಲ್ಲಿಗೆ ಹೋಯಿತು. ಇದು ಹೋಂವರ್ಕ್ ಅಲ್ಲ ಎಂದು ಅವಳಿಗೆ ಗೊತ್ತಾದ ಗಳಿಗೆ ಅದು. ನಾನು ನಿಲ್ಲಿಸಬಹುದಿತ್ತು. ಆದರೆ ಶಾಲೆಯಲ್ಲಿ ಪಾಠ ಓದುವಂತೆ, ಇನ್ನೂ ಸ್ಪಷ್ಟವಾಗಿ ಓದಿದೆ. "ಪುಡಿ, ಒಂದು ಚಿಟಿಕೆ. ಕುನ್ನಪ್ಪನ ತಟ್ಟೆಗೆ ಮಾತ್ರ."

"ಈಗ ಹೇಳು," ಎಂದಳು ಹೆತ್ತೆ. "ಎನ ಮಗನಿಗೆ ಏನ ಹಾಕಿದೆ?"

ಕುನ್ನವ್ವೆ ಹೆತ್ತೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಎಲ್ಲಾ ಸರಿಯಾಗಿ ಬರೆದಿದ್ದೀಯ ಕೂಸೇ. ಆ ತಟ್ಟೆಲಿ ತಿಂದದ್ದು ಯಾರು ಅಂತ ಬರೆದಿದ್ದೀಯಾ?"

ಪುಟ ನೋಡಿದೆ. ಬರೆದಿರಲಿಲ್ಲ. ನೋಡಿರಲೂ ಇಲ್ಲ.

"ಹೆಸರು ಕೊರೆದ ತಟ್ಟೆಲಿ ಬೇರೆ ಯಾರು ತಿಂದಾರು?" ಎಂದಳು ಹೆತ್ತೆ.

"ಹೆಸರಿಲ್ಲದವರು, ಮಾಮಿ."

ಅವಳ ದನಿ ಏರಲಿಲ್ಲ. "ಎನಗೆ ಈ ಮನೆಲಿ ತಟ್ಟೆ ಎಲ್ಲಿದೆ? ತವರಿಂದ ತಂದದ್ದು ಅಟ್ಟದ ಮೇಲೆ ಕೂತಿದೆ. ಕಣ್ಣಿ ಆಗಲಿ, ಆಮೇಲೆ ಇಳಿಸಿ ಹೆಸರು ಕೊರೆಸೋಣ ಅಂತ ನಿಂಗಳೇ ಹೇಳಿದ್ದು. ಅಲ್ಲಿವರೆಗೆ ಅವರ ತಟ್ಟೆಲಿ ನಾ ತಿಂತೇನೆ. ಅವರು ಬಾಣಲೆ ಕೆರೆದು ತಿಂತಾರೆ. ಅವರಿಗೆ ಅಡಿ ಹಿಡಿದದ್ದೇ ಬೇಕು."

ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದಳು. ಇದ್ದ ಪುಡಿಯನ್ನೆಲ್ಲ ಅಂಗೈಗೆ ಸುರಿದುಕೊಂಡು, ನಾವು ನೋಡುತ್ತಿರುವಂತೆ ಬಾಯಿಗೆ ಹಾಕಿಕೊಂಡಳು. ಕೆಮ್ಮು ಬಂತು, ಕಣ್ಣು ಕೆಂಪಾಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡು ಹೊರಗೆ ಓಡಿದಳು. ಅಂಗಳದ ಅಂಚಿನಲ್ಲಿ ಅವಳು ವಾಂತಿ ಮಾಡುವ ಸದ್ದು ಕೇಳಿತು. ಅವ್ವೆ ಹಿಂದೆಯೇ ಓಡಿದಳು.

ಹೆತ್ತೆ ನೆಲಕ್ಕೆ ಬಿದ್ದ ಕಾಗದವನ್ನು ಎತ್ತಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಸುಕ್ಕು," ಎಂದಳು. ಒಣಶುಂಠಿ.

ಐದು ಹೆತ್ತವಳು ಅವಳು. ಅನ್ನದ ವಾಸನೆಗೆ ಹೊಟ್ಟೆ ತೊಳೆಸುವಾಗ ಊಟಕ್ಕೆ ಒಣಶುಂಠಿ ಯಾಕೆ ಉದುರಿಸಿಕೊಳ್ಳುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುನ್ನವ್ವೆ ಮುಖ ತೊಳೆದು ಒಳಗೆ ಬಂದಾಗ, ಹೆತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದಳು.

"ಎಷ್ಟು ತಿಂಗಳು?"

"ಎರಡು ತುಂಬಿತು. ಮೂರಾದ ಮೇಲೆ ನಿಂಗಳಿಗೆ ಹೇಳೋಣ ಅಂತ ಇದ್ದರು."

ಹೆತ್ತೆಯ ಬಲಗೈ ಮೇಲೆದ್ದಿತು. ಕೋಳಿ ಓಡಿಸಲು ಅಲ್ಲ, ಮುಂಡು ಸರಿಮಾಡಲು ಅಲ್ಲ. ಆದರೆ ಕೈ ಇಡಬೇಕಾದರೆ ಮುಂದಿನವರು ತಲೆ ಬಗ್ಗಿಸಬೇಕು. ಕುನ್ನವ್ವೆ ಬಗ್ಗಿಸಲಿಲ್ಲ. ಹೆತ್ತೆಯ ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ಇದ್ದು ಕೆಳಗಿಳಿಯಿತು. ಕುನ್ನವ್ವೆ ಒಳಗೆ ಹೋದಳು, ಪಾತ್ರೆ ತೊಳೆಯುವ ಸದ್ದು ಮತ್ತೆ ಶುರುವಾಯಿತು.

ಸಂಜೆ ಕುನ್ನಪ್ಪ ಬಂದವನು ಬಾಗಿಲಲ್ಲೇ ನಿಂತು, "ಏನ, ಯಾರಾದರೂ ಸತ್ತರಾ?" ಎಂದ. ಯಾರೂ ನಗಲಿಲ್ಲ. "ಸರಿ, ನೂಡಲ್ಸ್ ಉಳಿದಿದೆಯಾ?" ಎಂದ.

ಕುನ್ನವ್ವೆ ಅವನಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಅವಳನ್ನು ತವರಿಗೆ ಕಳಿಸುವ ಮಾತು ಮತ್ತೆ ಯಾರ ಬಾಯಿಂದಲೂ ಬರಲಿಲ್ಲ. ಏಳನೆಯ ತಿಂಗಳಲ್ಲಿ ಕಣ್ಣಿ ಹಾಕಿದರು. ಅಂದು, ಬಂದ ನೆಂಟರೆಲ್ಲರ ಎದುರಿಗೆ, ಕುನ್ನವ್ವೆ ಹೆತ್ತೆಯ ಮುಂದೆ ತಲೆ ಬಗ್ಗಿಸಿದಳು, ಹೆತ್ತೆ ಕೈ ಇಟ್ಟಳು. ತಟ್ಟೆಗಳು ಅಟ್ಟದಿಂದ ಇಳಿದವು. ಆದರೆ ನಮ್ಮ ಮನೆಯಲ್ಲಿ ಕುನ್ನವ್ವೆ ಮತ್ತೆಂದೂ ನೂಡಲ್ಸ್ ಮಾಡಲಿಲ್ಲ. ಕುನ್ನಪ್ಪ ಒಂದೆರಡು ಸಲ ಕೇಳಿ ಸುಮ್ಮನಾದ. ಕಪ್ಪು ಬಾಟಲಿ ಅಟ್ಟದ ಮೇಲೆ ಧೂಳು ಹಿಡಿಯುತ್ತ ಇತ್ತು, ಆಮೇಲೆ ಅದರಲ್ಲಿ ಸೀಮೆಎಣ್ಣೆ ಹಾಕಿಟ್ಟರು. ಶನಿವಾರದ ವರ್ಕಿ ವಾಪಸ್ಸು ಬಂತು. ನಾನು ಬಯಸಿದ್ದು ಸಿಕ್ಕಿತು, ಟೀಯಲ್ಲಿ ಅದ್ದಿ ತಿಂದೆ. ಅದರ ರುಚಿ ಹೇಗಿತ್ತೆಂದು ಈಗ ನೆನಪಿಲ್ಲ.

ಈಗ ಬಸ್ ನಿಲ್ಲುವಲ್ಲೇ ನೂಡಲ್ಸ್ ಗಾಡಿ ಇದೆ, ಹಟ್ಟಿಯ ಮಕ್ಕಳು ಶಾಲೆಯಿಂದ ಬರುತ್ತ ತಿನ್ನುತ್ತಾರೆ. ಸಾಲುಮನೆಗಳಲ್ಲಿ ಅರ್ಧ ಕೆಡವಿ, ಪ್ರತಿ ಮನೆಗೂ ಅದರದೇ ಗೋಡೆ ಎಬ್ಬಿಸಿದ್ದಾರೆ. ಯಾರ ಮನೆಯ ವಾಸನೆಗೂ ಯಾರೂ ಕೂಗುವುದಿಲ್ಲ. ನಾನು ರಜೆಗೆ ಹೋದಾಗ, ವರಸೆಯಲ್ಲಿ ತಮ್ಮಂದಿರಾಗುವ ಹಟ್ಟಿಯ ಹುಡುಗರು ಫೋನಿನಿಂದ ಕಣ್ಣೆತ್ತಿ, "ಹಾಯ್ ಅಕ್ಕ," ಎನ್ನುತ್ತಾರೆ. ಒಮ್ಮೊಮ್ಮೆ ನನ್ನ ಕೈ ಅಭ್ಯಾಸದಿಂದ ಮುಂದಾಗಿ, ಇಡಲು ತಲೆ ಸಿಗದೆ ಹಿಂದಕ್ಕೆ ಬರುತ್ತದೆ. ಹೆತ್ತೆ ಹೋಗಿ ಆರು ವರ್ಷವಾಯಿತು.

ಆ ಪುಟ ನನ್ನ ಬಳಿ ಇನ್ನೂ ಇದೆ. ಬಾಡಿಗೆ ಮನೆಯ ಗ್ಯಾಸ್ ಒಲೆಯ ಮೇಲೆ ಅದನ್ನು ನೋಡಿಕೊಂಡೇ ಮಾಡುತ್ತೇನೆ, ಕೋಸು ಕಾಲು, ಕಪ್ಪು ಸಾಸ್ ಒಂದೂವರೆ ಮುಚ್ಚಳ. ಅಳತೆಯಲ್ಲಿ ತಪ್ಪಿಲ್ಲ, ಆದರೂ ಆ ರುಚಿ ಬರುವುದಿಲ್ಲ. ಟೀ ಕಡ್ಡಿಯ ಉರಿ ಇಲ್ಲದ್ದಕ್ಕೆ ಎಂದು ಜೊತೆಗಿರುವ ಗೆಳತಿಗೆ ಹೇಳುತ್ತೇನೆ. ಅದು ನಿಜವೂ ಇರಬಹುದು. ಕೇಳಿದ್ದರೆ ಕುನ್ನವ್ವೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೌಟು ಕೈಗೆ ಕೊಟ್ಟು ಕಲಿಸುತ್ತಿದ್ದಳು. ನಾನು ಬಾಗಿಲ ಬಳಿ ಕೂತು ಬರೆದುಕೊಂಡೆ. ಕಣ್ಣಾರೆ ಕಂಡದ್ದನ್ನು ಬರೆದರೆ ಅದು ನಿಜವೇ ಇರುತ್ತದೆ ಎಂದು ಆ ಪುಟದ ಕೆಳಗೆ ಗೆರೆ ಎಳೆದ ಹುಡುಗಿ ನಂಬಿದ್ದಳು. ಆ ನಂಬಿಕೆ ನನಗೆ ಮತ್ತೆ ಬಂದಿಲ್ಲ.

ಆ ಭಾನುವಾರದ ಮಾರನೆಯ ಬೆಳಿಗ್ಗೆ ನಾನು ಹಿಂದಿನ ಬಾಗಿಲಿನಿಂದ ಹೋಗಲಿಲ್ಲ. ಯೂನಿಫಾರಂ ಹಾಕಿ, ಚೀಲ ಹೆಗಲಿಗೇರಿಸಿ ಒಳಮನೆಗೆ ಹೋದೆ. ಕುನ್ನವ್ವೆ ಒಲೆಯ ಮುಂದೆ ನಿಂತು ಹಿಟ್ಟು ತಿರುವುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತು ತಲೆ ಬಗ್ಗಿಸಿದೆ. ನೆಲದ ಮೇಲೆ ಅವಳ ಪಾದ ಕಾಣುತ್ತಿತ್ತು, ಚಳಿಗೆ ಹಿಮ್ಮಡಿ ಒಡೆದಿತ್ತು. ಹಿಟ್ಟು ತಿರುವುವ ಸದ್ದು ನಿಂತಿತು. ಕೈ ಬರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಹನ್ನೊಂದಕ್ಕೆ ಬಂದಾಗ ಅವಳ ಕೈ ನನ್ನ ತಲೆಯ ಮೇಲೆ ಬಂತು. ಒದ್ದೆಯಾಗಿತ್ತು. ಬೆಳ್ಳುಳ್ಳಿಯ ವಾಸನೆಯಾಗಲಿ ವಿನಿಗರಿನ ವಾಸನೆಯಾಗಲಿ ಅದರಲ್ಲಿ ಇರಲಿಲ್ಲ.